ಸಿಲಿಕಾನ್ ಕ್ವಾಂಟಮ್ ಚಿಪ್: ಕ್ಯೂಬಿಟ್ ಮಾಡುವುದಕ್ಕಿಂತ ಅದಕ್ಕೆ ತಂತಿ ಮುಟ್ಟಿಸುವುದು ಏಕೆ ಕಷ್ಟ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಮೂರನೆಯ ವರ್ಷದ ಬಿ.ಇ. ವಿದ್ಯಾರ್ಥಿ. ನಮ್ಮದು ಗುಳೇದಗುಡ್ಡದ ನೇಕಾರ ಮನೆತನ. ಒಂದು ಮೊಬೈಲಿನ ಪ್ರೊಸೆಸರಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರ್‌ಗಳಿರುತ್ತವೆ. ಅದೇ ಸಿಲಿಕಾನ್‌ನಲ್ಲಿ ಕ್ವಾಂಟಮ್ ಕಂಪ್ಯೂಟರಿನ ಬಿಟ್‌ಗಳಾದ ಕ್ಯೂಬಿಟ್‌ಗಳನ್ನೂ ಮಾಡಬಹುದೆಂದು ಓದಿದ್ದೇನೆ. ಹಾಗಿದ್ದರೆ ಅದೇ ಕಾರ್ಖಾನೆಗಳಲ್ಲಿ ಹತ್ತು ಲಕ್ಷ ಕ್ಯೂಬಿಟ್‌ಗಳ ಚಿಪ್ ತಯಾರಿಸಲು ಅಡ್ಡಿ ಏನು? ಈ ಕ್ಷೇತ್ರಕ್ಕೆ ಬರಬೇಕಾದರೆ ನಾನು ಭೌತವಿಜ್ಞಾನಕ್ಕೆ ಹೊರಳಬೇಕೇ, ಚಿಪ್ ವಿನ್ಯಾಸದಲ್ಲೇ ಮುಂದುವರಿಯಬೇಕೇ?

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನೇರವಾಗಿ ಉತ್ತರಿಸುತ್ತೇನೆ. ಸಿಲಿಕಾನ್‌ನಲ್ಲಿ ಒಂದು ಒಳ್ಳೆಯ ಕ್ಯೂಬಿಟ್ ಮಾಡುವ ಕೆಲಸ ಬಹುಮಟ್ಟಿಗೆ ಆಗಿದೆ. ಹತ್ತು ಲಕ್ಷ ಕ್ಯೂಬಿಟ್‌ಗಳಲ್ಲಿ ಪ್ರತಿಯೊಂದಕ್ಕೂ ಬೇಕಾದ ವೋಲ್ಟೇಜನ್ನು, ಬೇಕಾದ ಕ್ಷಣಕ್ಕೆ, ಚಿಪ್ಪನ್ನು ಬಿಸಿ ಮಾಡದೆ ತಲುಪಿಸುವ ಕೆಲಸ ಇನ್ನೂ ಆಗಿಲ್ಲ. ಬೆಳಗಾವಿಯಲ್ಲಿ ಚಿಪ್ ವಿನ್ಯಾಸದ ಪಾಠ ಮಾಡುತ್ತ ಬಂದಿರುವ ನನಗೆ ಈ ಸಮಸ್ಯೆ ಬಹಳ ಹತ್ತಿರದ್ದು, ಏಕೆಂದರೆ ಇದರ ಹೆಚ್ಚಿನ ಪಾಲು ಕ್ವಾಂಟಮ್ ಸಿದ್ಧಾಂತದ ತೊಡಕಲ್ಲ. ಮೆಮೊರಿ ಚಿಪ್ ಕಟ್ಟುವವರು ಹಿಂದೆ ಎದುರಿಸಿದ ತೊಡಕೇ ಇಲ್ಲಿ ಹೆಚ್ಚು ಕಠಿಣವಾದ ರೂಪದಲ್ಲಿ ಮರಳಿ ಬಂದಿದೆ.

ಸಿಲಿಕಾನ್ ಕ್ಯೂಬಿಟ್ ಎಂದರೆ ಏನೆಂದು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ನೀವು ಪಠ್ಯದಲ್ಲಿ ಓದಿದ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನಲ್ಲಿ ಪ್ರವಾಹವನ್ನು ನಿಯಂತ್ರಿಸುವ ಗೇಟನ್ನು ತೀರ ಚಿಕ್ಕದು ಮಾಡಿ, ಅದರ ಅಡಿಯಲ್ಲಿ ಒಂದೇ ಒಂದು ಎಲೆಕ್ಟ್ರಾನ್ ನಿಲ್ಲುವಂತೆ ವೋಲ್ಟೇಜ್ ಹೊಂದಿಸಿದರೆ ಅದಕ್ಕೆ ಕ್ವಾಂಟಮ್ ಡಾಟ್ ಎನ್ನುತ್ತಾರೆ. ಆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದು ಪುಟ್ಟ ಅಯಸ್ಕಾಂತದಂತೆ ವರ್ತಿಸುವ ಗುಣ, ಮೇಲ್ಮುಖವೋ ಕೆಳಮುಖವೋ ಎಂಬುದೇ ನಮ್ಮ 0 ಮತ್ತು 1. ಕಾಂತಕ್ಷೇತ್ರ 1 ಟೆಸ್ಲಾ ಇದ್ದಾಗ ಸುಮಾರು 28 ಗಿಗಾಹರ್ಟ್ಸ್ ಮೈಕ್ರೋವೇವ್ ಕೊಟ್ಟು ಆ ಸ್ಪಿನ್ನನ್ನು ತಿರುಗಿಸಬಹುದು; ಎರಡು ನೆರೆಯ ಡಾಟ್‌ಗಳ ನಡುವಿನ ತಡೆಗೇಟಿನ ವೋಲ್ಟೇಜ್ ಬದಲಿಸಿ ಎರಡು ಸ್ಪಿನ್‌ಗಳು ಪರಸ್ಪರ ಪ್ರಭಾವಿಸುವಂತೆ ಮಾಡಬಹುದು. ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಝೊ ಕ್ವಾಂಟಮ್ ಡಾಟ್‌ಗಳ ಈ ಯೋಜನೆಯನ್ನು ಮುಂದಿಟ್ಟದ್ದು 1998ರಲ್ಲಿ. ಬ್ರೂಸ್ ಕೇನ್ ಅವರು ಸಿಲಿಕಾನ್‌ನೊಳಗೆ ಹುದುಗಿಸಿದ ರಂಜಕದ ಪರಮಾಣುಗಳನ್ನೇ ಕ್ಯೂಬಿಟ್ ಮಾಡುವ ಯೋಜನೆಯನ್ನು ಪ್ರಕಟಿಸಿದ್ದೂ ಅದೇ ವರ್ಷ. ನಿಮ್ಮ ಪದವಿ ಕೊಡುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾದದ್ದೂ 1998ರಲ್ಲೇ ಎಂಬುದನ್ನು ನೆನೆದರೆ, ಈ ಕ್ಷೇತ್ರ ಎಷ್ಟು ಎಳೆಯದೆಂದು ಗೊತ್ತಾಗುತ್ತದೆ.

ಸಿಲಿಕಾನ್ ಇದಕ್ಕೆ ಹೇಳಿಮಾಡಿಸಿದಂಥ ವಸ್ತು. ನಿಸರ್ಗದಲ್ಲಿ ಸಿಗುವ ಸಿಲಿಕಾನ್‌ನಲ್ಲಿ ಶೇ 92ರಷ್ಟು ಸಿಲಿಕಾನ್-28 ಇರುತ್ತದೆ. ಅದರ ಪರಮಾಣು ಬೀಜಕ್ಕೆ ಸ್ಪಿನ್ ಇಲ್ಲ, ಹಾಗಾಗಿ ನಮ್ಮ ಎಲೆಕ್ಟ್ರಾನಿಗೆ ಅದರಿಂದ ಕಾಂತೀಯ ತೊಂದರೆಯೂ ಇಲ್ಲ. ತೊಂದರೆ ಕೊಡುವುದು ಶೇ 4.7ರಷ್ಟಿರುವ ಸಿಲಿಕಾನ್-29. ಅದನ್ನು ಹತ್ತು ಲಕ್ಷ ಪರಮಾಣುಗಳಿಗೆ 800ರ ಮಟ್ಟಕ್ಕೆ ಇಳಿಸಿದ ಸಿಲಿಕಾನ್‌ನಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಒಂದು ಡಾಟ್‌ನ ಕ್ವಾಂಟಮ್ ಸ್ಥಿತಿಯನ್ನು 28 ಮಿಲಿಸೆಕೆಂಡುಗಳವರೆಗೆ ಉಳಿಸಿಕೊಂಡಿತು. ಒಂದು ಕ್ರಿಯೆಗೆ ಮೈಕ್ರೋಸೆಕೆಂಡ್ ಆಸುಪಾಸಿನ ಸಮಯ ಸಾಕಾಗುವಾಗ 28 ಮಿಲಿಸೆಕೆಂಡು ದೊಡ್ಡ ಬಂಡವಾಳವೇ ಸರಿ. 2015ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಝುರಾಕ್ ಅವರ ತಂಡ ಸಿಲಿಕಾನ್‌ನಲ್ಲಿ ಎರಡು ಕ್ಯೂಬಿಟ್‌ಗಳ ತರ್ಕದ ಗೇಟನ್ನು ತೋರಿಸಿತು. 2022ರ ಜನವರಿಯಲ್ಲಿ ಆಸ್ಟ್ರೇಲಿಯಾ, ನೆದರ್‌ಲ್ಯಾಂಡ್ಸ್ ಮತ್ತು ಜಪಾನ್‌ನ ಮೂರು ತಂಡಗಳು ಏಕಕಾಲಕ್ಕೆ, ಎರಡು ಕ್ಯೂಬಿಟ್‌ಗಳ ಕ್ರಿಯೆಯಲ್ಲಿ ಶೇ 99ನ್ನು ಮೀರಿದ ನಿಖರತೆಯನ್ನು ವರದಿ ಮಾಡಿದವು.

ಶೇ 99 ಎಂಬ ಅಂಕೆಗೆ ಒಂದು ವಿಶೇಷ ಅರ್ಥವಿದೆ. ಕ್ಯೂಬಿಟ್‌ಗಳು ತಪ್ಪು ಮಾಡಿಯೇ ಮಾಡುತ್ತವೆ. ಅನೇಕ ಕ್ಯೂಬಿಟ್‌ಗಳನ್ನು ಚೌಕುಳಿಯಂತೆ ಜೋಡಿಸಿ, ನೆರೆಹೊರೆಯವನ್ನು ಪದೇ ಪದೇ ತಾಳೆ ನೋಡಿ ತಪ್ಪನ್ನು ಹಿಡಿಯುವ 'ಸರ್ಫೇಸ್ ಕೋಡ್' ಎಂಬ ವಿಧಾನ, ತಪ್ಪಿನ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ ಒಂದಕ್ಕಿಂತ ಕೆಳಗಿದ್ದರೆ ಮಾತ್ರ ಫಲ ಕೊಡುತ್ತದೆ. ಆದರೆ ಅದರ ಬೆಲೆ ದುಬಾರಿ: ನಂಬಬಹುದಾದ ಒಂದು ಕ್ಯೂಬಿಟ್ ಪಡೆಯಲು ನೂರಾರರಿಂದ ಸಾವಿರದಷ್ಟು ನಿಜವಾದ ಕ್ಯೂಬಿಟ್‌ಗಳು ಬೇಕಾಗುತ್ತವೆ. ಇಂದಿನ ಬ್ಯಾಂಕಿಂಗ್ ಗೂಢಲಿಪಿಗಳಲ್ಲಿ ಬಳಸುವ 2048 ಬಿಟ್‌ಗಳ ಆರ್‌ಎಸ್‌ಎ ಸಂಖ್ಯೆಯನ್ನು ಒಡೆಯಲು 2 ಕೋಟಿ ಕ್ಯೂಬಿಟ್‌ಗಳು 8 ಗಂಟೆ ದುಡಿಯಬೇಕೆಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೊ ಲೆಕ್ಕ ಹಾಕಿದ್ದರು. 2025ರಲ್ಲಿ ಗಿಡ್ನಿಯವರೇ ಅದನ್ನು ಹತ್ತು ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರಕ್ಕಿಂತ ಕಡಿಮೆ ಸಮಯ ಎಂಬಲ್ಲಿಗೆ ತಂದರು. ನೀವು ಕೇಳಿದ ಹತ್ತು ಲಕ್ಷದ ಸಂಖ್ಯೆ ಹೀಗೆ ಇಂಥ ಲೆಕ್ಕಾಚಾರಗಳಿಂದ ಹುಟ್ಟಿದ್ದು.

ಈಗ ಹತ್ತು ಲಕ್ಷ ಕ್ಯೂಬಿಟ್‌ಗಳಿಗೆ ಎಷ್ಟು ಜಾಗ ಬೇಕೆಂದು ನೋಡೋಣ. ಐಬಿಎಂ 2023ರಲ್ಲಿ 1,121 ಕ್ಯೂಬಿಟ್‌ಗಳ ಚಿಪ್ ಮಾಡಿತು. ಅದು ಸಿಲಿಕಾನ್ ಡಾಟ್‌ಗಳದಲ್ಲ, ತಡೆಯಿಲ್ಲದೆ ವಿದ್ಯುತ್ ಹರಿಯುವ ಸೂಪರ್‌ಕಂಡಕ್ಟರ್ ಬಗೆಯದು. ಆ ಬಗೆಯ ಒಂದೊಂದು ಕ್ಯೂಬಿಟ್ಟಿಗೂ ಸುಮಾರು ಒಂದು ಚದರ ಮಿಲಿಮೀಟರ್ ಜಾಗವೆಂದು ಹಿಡಿದರೆ, ಹತ್ತು ಲಕ್ಷಕ್ಕೆ ಒಂದು ಚದರ ಮೀಟರ್ ಬೇಕು. ಅಷ್ಟು ದೊಡ್ಡ ಚಿಪ್ಪನ್ನು, ಕ್ಯೂಬಿಟ್‌ಗಳನ್ನು ಅತಿ ತಂಪಾಗಿಡುವ ಶೀತಯಂತ್ರದೊಳಗೆ ಇಡುವುದು ಹೇಗೆ? ಸಿಲಿಕಾನ್ ಡಾಟ್‌ಗಳನ್ನು 100 ನ್ಯಾನೋಮೀಟರಿಗೆ ಒಂದರಂತೆ ಸಾಲು ಸಾಲಾಗಿ ಇಟ್ಟರೆ, ಸಾವಿರ ಸಾಲು ಮತ್ತು ಸಾವಿರ ಕಂಬಸಾಲುಗಳ ಇಡೀ ಸಮೂಹ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಉದ್ದ, ಅಷ್ಟೇ ಅಗಲದ ಚೌಕದಲ್ಲಿ ಹಿಡಿಸುತ್ತದೆ. ಸಿಲಿಕಾನ್ ಬಗ್ಗೆ ಜನ ಉತ್ಸಾಹದಿಂದ ಮಾತನಾಡುವುದು ಈ ಅಂಕೆಯನ್ನು ನೋಡಿ. ಆದರೆ ತೊಡಕು ಹುಟ್ಟುವುದೂ ಈ ಅಂಕೆಯಿಂದಲೇ. ಇಂದಿನ ಪ್ರಯೋಗಶಾಲೆಯ ಚಿಪ್‌ಗಳಲ್ಲಿ ಒಂದು ಕ್ಯೂಬಿಟ್ಟಿಗೆ ಎಲೆಕ್ಟ್ರಾನನ್ನು ಹಿಡಿದಿಡುವ ಗೇಟು, ನೆರೆಯವನ್ನು ತಡೆಯುವ ಗೇಟುಗಳು, ಓದುವ ಸಂವೇದಕ ಎಲ್ಲ ಸೇರಿ ಹಲವು ತಂತಿಗಳು ಬೇಕು, ಮತ್ತು ಪ್ರತಿ ತಂತಿಯೂ ಕೋಣೆಯ ಉಷ್ಣತೆಯಲ್ಲಿರುವ ಉಪಕರಣದಿಂದ ನೇರವಾಗಿ ಬರುತ್ತದೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನ ತಂಡ 6 ಕ್ಯೂಬಿಟ್‌ಗಳನ್ನೂ, 2023ರಲ್ಲಿ ಇಂಟೆಲ್ 12 ಕ್ಯೂಬಿಟ್‌ಗಳ 'ಟನೆಲ್ ಫಾಲ್ಸ್' ಚಿಪ್ಪನ್ನೂ ಹೀಗೆಯೇ ಮಾಡಿದವು. ಆರಕ್ಕೆ, ಹನ್ನೆರಡಕ್ಕೆ ಇದು ನಡೆಯುತ್ತದೆ. ಹತ್ತು ಲಕ್ಷ ಕ್ಯೂಬಿಟ್‌ಗಳಿಗೆ ತಲಾ ಮೂರು ತಂತಿಯೆಂದರೂ 30 ಲಕ್ಷ ತಂತಿಗಳಾಗುತ್ತವೆ, ಮತ್ತು ಅವೆಲ್ಲ ಸೂಜಿಯ ಮೊನೆಯಷ್ಟು ಜಾಗಕ್ಕೆ ಬಂದು ಇಳಿಯಬೇಕು.

ಹಾಗಾದರೆ ಮೊಬೈಲಿನ ಚಿಪ್ ಈ ಸಮಸ್ಯೆಯನ್ನು ಹೇಗೆ ಬಗೆಹರಿಸಿತು? ಇದನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಲು ನಾನು ಒಂದು ಉಪಾಯ ಮಾಡುತ್ತೇನೆ. ಹಳೆಯ 8085 ಮೈಕ್ರೋಪ್ರೊಸೆಸರ್ ಕಿಟ್‌ಗಳಲ್ಲಿ ಇರುತ್ತಿದ್ದ 2764 ಎಂಬ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ) ಚಿಪ್ಪಿನ ಬೆನ್ನ ಮೇಲೆ ಅಳಿಸುವ ಬೆಳಕು ಹಾಯಲೆಂದು ಗಾಜಿನ ಕಿಟಕಿಯೊಂದಿದೆ. ಅದನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಪರಿಚಯದವರ ಫೌಂಡ್ರಿಗೆ ಒಯ್ದು, ಎರಕದ ಕಬ್ಬಿಣದಲ್ಲಿ ಗ್ರಾಫೈಟ್ ಗುಂಡುಗಳು ಸರಿಯಾಗಿ ಕೂತಿವೆಯೇ ಎಂದು ನೋಡುವ ಸೂಕ್ಷ್ಮದರ್ಶಕದ ಅಡಿ ಇಟ್ಟರೆ, ನೂರು ಪಟ್ಟು ಹಿಗ್ಗಿದ ಚಿತ್ರದಲ್ಲಿ ಮಧ್ಯದ ವಿಶಾಲವಾದ ಭಾಗ ನೇಯ್ದ ಬಟ್ಟೆಯಂತೆಯೇ ಕಾಣುತ್ತದೆ: ಅಡ್ಡ ಗೆರೆ, ಉದ್ದ ಗೆರೆ, ಅವು ಸೇರುವಲ್ಲೆಲ್ಲ ಒಂದು ಚುಕ್ಕೆ. ಅಂಚಿನಲ್ಲಿ ಬಟ್ಟೆಯ ಕಟ್ಟಿನಂತೆ ಯಾವ ಕೋಶ ಬೇಕೆಂಬ ವಿಳಾಸವನ್ನು ಬಿಡಿಸುವ ಮಂಡಲಗಳು (ಸರ್ಕ್ಯೂಟ್‌ಗಳು). ಆ ಚಿಪ್ಪಿನಲ್ಲಿ 65,536 ಬಿಟ್‌ಗಳಿವೆ. ಹೊರಗಿನ ಕಾಲುಗಳು ಮಾತ್ರ 28. ಒಂದು ಅಡ್ಡಗೆರೆಯನ್ನೂ ಒಂದು ಉದ್ದಗೆರೆಯನ್ನೂ ಆರಿಸಿದರೆ ಅವು ಕೂಡುವಲ್ಲಿನ ಒಂದೇ ಕೋಶ ಸಿಗುತ್ತದೆ. ಅಡ್ಡಗೆರೆಗೆ ವರ್ಡ್ ಲೈನ್, ಉದ್ದಗೆರೆಗೆ ಬಿಟ್ ಲೈನ್ ಎಂದು ಹೆಸರು. ಸಾವಿರ ಅಡ್ಡ, ಸಾವಿರ ಉದ್ದ, ಒಟ್ಟು ಎರಡು ಸಾವಿರ ಗೆರೆಗಳಿಂದ ಹತ್ತು ಲಕ್ಷ ಕೋಶಗಳನ್ನು ಆಳಬಹುದು. ಕ್ಯೂಬಿಟ್‌ಗಳು ಹೆಚ್ಚಾದಷ್ಟು ವೇಗವಾಗಿ ತಂತಿಗಳು ಹೆಚ್ಚಾಗಬಾರದು. ನನ್ನ ಮಟ್ಟಿಗೆ ಬೆಳೆಸಬಲ್ಲ ವಿನ್ಯಾಸಕ್ಕೆ ಇದೇ ಪರೀಕ್ಷೆ; ಇದನ್ನು ಬಿಟ್ಟು ಬರಿಯ ಕ್ಯೂಬಿಟ್ ಎಣಿಕೆಯನ್ನು ಹಿಡಿದುಕೊಂಡು ಯಂತ್ರಗಳನ್ನು ಹೋಲಿಸುವುದು ಸರಿಯಲ್ಲ.

ಮೆನ್ನೊ ವೆಲ್ಡ್‌ಹಾರ್ಸ್ಟ್, ಝುರಾಕ್ ಮತ್ತು ಸಂಗಡಿಗರು 2017ರ ಡಿಸೆಂಬರಿನಲ್ಲಿ ಪ್ರಕಟಿಸಿದ ವಿನ್ಯಾಸ ಈ ಮೆಮೊರಿ ವಿದ್ಯೆಯನ್ನೇ ಕ್ಯೂಬಿಟ್‌ಗಳಿಗೆ ಅನ್ವಯಿಸಿತು. ಕೆಳಗಿನ ಪದರದಲ್ಲಿ ಕ್ಯೂಬಿಟ್‌ಗಳು, ಅವುಗಳ ಮೇಲಿನ ಪದರದಲ್ಲಿ ಸಾಮಾನ್ಯ ಟ್ರಾನ್ಸಿಸ್ಟರ್‌ಗಳು, ವರ್ಡ್ ಲೈನ್ ಮತ್ತು ಬಿಟ್ ಲೈನ್‌ಗಳಿಂದ ಆಯ್ಕೆ, ಆಯ್ಕೆಯಾದ ಗೇಟಿಗೆ ವೋಲ್ಟೇಜ್ ತುಂಬಿ ಹಾಗೆಯೇ ಬಿಟ್ಟರೆ ಆ ವಿದ್ಯುದಂಶವನ್ನು ಹಿಡಿದಿಡುವ ಫ್ಲೋಟಿಂಗ್ ಗೇಟುಗಳು, ಕಂಪ್ಯೂಟರಿನ ಡಿರ್ಯಾಮ್ ಮೆಮೊರಿಯಲ್ಲಿರುವಂತೆ ಆಗಾಗ ಮರುತುಂಬುವಿಕೆ. ಮೈಕ್ರೋವೇವ್ ಒಂದೊಂದಕ್ಕೂ ಬೇರೆ ಬೇರೆಯಾಗಿ ಹೋಗುವುದಿಲ್ಲ. ಇಡೀ ಚಿಪ್ಪಿಗೆ ಒಂದೇ ಕ್ಷೇತ್ರವನ್ನು ಹರಡಿ, ಯಾವ ಕ್ಯೂಬಿಟ್ ಅದಕ್ಕೆ ಓಗೊಡಬೇಕೆಂಬುದನ್ನು ಗೇಟಿನ ವೋಲ್ಟೇಜಿನಿಂದ ನಿರ್ಧರಿಸುತ್ತಾರೆ. ಕಾಗದದ ಮೇಲಿನ ಯೋಜನೆಯಾದರೂ, ಕಾರ್ಖಾನೆಗಳು ಬಲ್ಲ ಭಾಗಗಳಿಂದಲೇ ಇಡೀ ಯಂತ್ರವನ್ನು ಕೂಡಿಸಿ ತೋರಿಸಿದ್ದು ಅದರ ಹೆಗ್ಗಳಿಕೆ. ಇನ್ನೊಂದು ಅನುಕೂಲವನ್ನೂ ಗಮನಿಸಿ: ಸರ್ಫೇಸ್ ಕೋಡ್‌ನಲ್ಲಿ ಚೌಕುಳಿಯ ಉದ್ದಗಲಕ್ಕೂ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಒಂದು ಸಾಲಿನ ಎಲ್ಲ ಕ್ಯೂಬಿಟ್‌ಗಳಿಗೂ ಒಂದೇ ಆಜ್ಞೆ ಹೋಗುವುದು ಇಲ್ಲಿ ಕೊರತೆಯಲ್ಲ, ಹೊಂದಾಣಿಕೆ.

ಇಲ್ಲಿಂದ ಮುಂದಿನದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಿಮ್ಮ ಮನೆಯ ಮಗ್ಗದಲ್ಲಿ ಕಾಲಿನ ಹಲಗೆಯನ್ನು ತುಳಿದಾಗ ಹಾಸಿನ ಸಾವಿರಾರು ಎಳೆಗಳಲ್ಲಿ ಅರ್ಧದಷ್ಟು ಒಟ್ಟಿಗೆ ಮೇಲೇಳುತ್ತವೆ, ಲಾಳಿ ಹಾಯುತ್ತದೆ. ಒಂದೊಂದು ಎಳೆಯನ್ನೂ ಕೈಯಿಂದ ಎತ್ತಬೇಕಿಲ್ಲ. ಆದರೆ ಇದು ನಡೆಯಬೇಕಾದರೆ ಹಾಸಿನ ಎಲ್ಲ ಎಳೆಗಳ ಬಿಗಿ ಒಂದೇ ಸಮನಾಗಿರಬೇಕು. ಒಂದು ಎಳೆ ಸಡಿಲವಾದರೆ ಅದು ಉಳಿದವುಗಳೊಂದಿಗೆ ಏಳುವುದಿಲ್ಲ, ಲಾಳಿ ಅದರ ತಪ್ಪು ಬದಿಯಲ್ಲಿ ಹಾಯ್ದುಹೋಗುತ್ತದೆ, ಖಣದಲ್ಲಿ ದೋಷ ಉಳಿಯುತ್ತದೆ. ಒಂದೇ ತಂತಿಯಿಂದ ಸಾವಿರ ಕ್ಯೂಬಿಟ್‌ಗಳನ್ನು ಆಳುವುದಕ್ಕೂ ಇದೇ ಷರತ್ತು: ಒಂದೇ ವೋಲ್ಟೇಜಿಗೆ ಎಲ್ಲವೂ ಒಂದೇ ರೀತಿ ವರ್ತಿಸಬೇಕು. ಇಂದಿನ ಸಿಲಿಕಾನ್ ಡಾಟ್‌ಗಳು ಹಾಗೆ ವರ್ತಿಸುವುದಿಲ್ಲ.

ಏಕೆ ವರ್ತಿಸುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಯ ಹೃದಯ. ಟ್ರಾನ್ಸಿಸ್ಟರ್ ಒಂದು ಸ್ವಿಚ್. ಅದು ತೆರೆಯುವ ವೋಲ್ಟೇಜ್ ಹತ್ತು ಮಿಲಿವೋಲ್ಟ್ ಆಚೀಚೆ ಆದರೂ ಆನ್ ಆನ್ ಆಗಿಯೇ, ಆಫ್ ಆಫ್ ಆಗಿಯೇ ಉಳಿಯುತ್ತದೆ. ಕಾರ್ಖಾನೆಗಳು ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳನ್ನು ಮಾಡಬಲ್ಲವೆಂದರೆ, ಅಷ್ಟರ ವ್ಯತ್ಯಾಸವನ್ನು ಮನ್ನಿಸುವ ಮಂಡಲಗಳನ್ನು ನಾವು ಕಟ್ಟುತ್ತೇವೆ ಎಂದೇ ಅರ್ಥ. ಕ್ವಾಂಟಮ್ ಡಾಟ್‌ಗೆ ಆ ರಿಯಾಯಿತಿ ಇಲ್ಲ. ಸಿಲಿಕಾನ್ ಮತ್ತು ಅದರ ಮೇಲಿನ ಆಕ್ಸೈಡ್ ಸೇರುವ ಮುಖದಲ್ಲಿ ಒಂದು ದೋಷದ ತಾಣಕ್ಕೆ ಒಂದು ಎಲೆಕ್ಟ್ರಾನ್ ಸಿಕ್ಕಿಕೊಂಡರೂ ಪಕ್ಕದ ಡಾಟ್‌ನ ಶಕ್ತಿಮಟ್ಟಗಳು ಜರುಗುತ್ತವೆ. ಆ ಮುಖದಲ್ಲಿ ಪರಮಾಣುವಿನಷ್ಟು ಎತ್ತರದ ಮೆಟ್ಟಿಲೊಂದು ಇದ್ದರೂ ಎಲೆಕ್ಟ್ರಾನಿನ ಸ್ವಭಾವ ಬದಲಾಗುತ್ತದೆ. ಎರಡು ಸ್ಪಿನ್‌ಗಳನ್ನು ಬೆಸೆಯುವ ಬಲವಂತೂ ತಡೆಗೇಟಿನ ವೋಲ್ಟೇಜಿನೊಂದಿಗೆ ಘಾತೀಯವಾಗಿ ಏರಿಳಿಯುತ್ತದೆ, ಅಂದರೆ ವೋಲ್ಟೇಜಿನ ಸಣ್ಣ ತಪ್ಪು ಕ್ರಿಯೆಯಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಉದ್ಯಮಬಾಗದಲ್ಲಿ ಎರಕ ಹೊಯ್ಯುವವರಿಗೆ ಮರಳಿನ ತೇವ ತುಸು ಹೆಚ್ಚಾದರೆ ಏನಾಗುತ್ತದೆಂದು ಗೊತ್ತು. ಅವರು ಪ್ರತಿ ಕರಗುವಿಕೆಯ ಲೆಕ್ಕವಿಟ್ಟು ದೋಷದ ಮೂಲ ಹುಡುಕುತ್ತಾರೆ. ಸಿಲಿಕಾನ್ ಕ್ಯೂಬಿಟ್‌ಗಳಲ್ಲಿ ಆ ಬಗೆಯ ಶಿಸ್ತು ಆರಂಭವಾದದ್ದು ಇತ್ತೀಚೆಗೆ. ಇಂಟೆಲ್ 300 ಮಿಲಿಮೀಟರ್ ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಒಂದನ್ನು ಇಡಿಯಾಗಿ 1.6 ಕೆಲ್ವಿನ್‌ಗೆ, ಅಂದರೆ ಪರಮಶೂನ್ಯಕ್ಕಿಂತ 1.6 ಡಿಗ್ರಿಯಷ್ಟೇ ಮೇಲಕ್ಕೆ, ತಂಪು ಮಾಡಿ, ಅದರ ಮೇಲಿನ ಡಾಟ್‌ಗಳನ್ನು ಒಂದಾದ ಮೇಲೊಂದು ಅಳೆದು 2024ರಲ್ಲಿ ಪ್ರಕಟಿಸಿತು. ಹೊಸ ಕ್ಯೂಬಿಟ್ ದಾಖಲೆಗಿಂತ ಈ ಅಳತೆಯ ಕೆಲಸ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ಹಾಗೆಯೇ ಬೆಲ್ಜಿಯಂನ ಐಮೆಕ್ ಸಂಸ್ಥೆಯ 300 ಮಿಲಿಮೀಟರ್ ಕಾರ್ಖಾನೆಯಲ್ಲಿ ತಯಾರಾದ ಡೈರಾಕ್ ಕಂಪನಿಯ ಕ್ಯೂಬಿಟ್‌ಗಳು ಶೇ 99ನ್ನು ದಾಟಿದ್ದು 2025ರಲ್ಲಿ. ಪ್ರಯೋಗಶಾಲೆಯ ಕೈಕೆಲಸದ ಗುಣಮಟ್ಟ ಕಾರ್ಖಾನೆಯ ಉತ್ಪನ್ನಕ್ಕೂ ಬರಬಲ್ಲದೆಂದು ಅದರಿಂದ ತಿಳಿಯಿತು.

ಎರಡನೆಯ ಅಡ್ಡಿ ಶಾಖ. ಈ ಚಿಪ್‌ಗಳನ್ನು ಹೀಲಿಯಂನ ಎರಡು ಐಸೊಟೋಪ್‌ಗಳನ್ನು ಬೆರೆಸಿ ತಂಪು ಮಾಡುವ ಯಂತ್ರಗಳಲ್ಲಿ 20 ಮಿಲಿಕೆಲ್ವಿನ್ ಆಸುಪಾಸಿಗೆ ಇಳಿಸುವುದು ರೂಢಿ. ಆ ಉಷ್ಣತೆಯಲ್ಲಿ ಯಂತ್ರ ಹೊರಹಾಕಬಲ್ಲ ಶಾಖ ಕೆಲವು ಹತ್ತು ಮೈಕ್ರೋವ್ಯಾಟ್ ಮಾತ್ರ. ಒಂದು ನಿಯಂತ್ರಣ ಗೆರೆಯ ಧಾರಕತೆ (ಕೆಪಾಸಿಟೆನ್ಸ್) 1 ಪಿಕೋಫ್ಯಾರಡ್, ವೋಲ್ಟೇಜ್ 1 ವೋಲ್ಟ್, ಸೆಕೆಂಡಿಗೆ ಹತ್ತು ಲಕ್ಷ ಬಾರಿ ಬದಲಾವಣೆ ಎಂದಿಟ್ಟುಕೊಂಡರೆ, ಧಾರಕತೆ, ವೋಲ್ಟೇಜಿನ ವರ್ಗ ಮತ್ತು ಆವರ್ತನಗಳನ್ನು ಗುಣಿಸಿದಾಗ 1 ಮೈಕ್ರೋವ್ಯಾಟ್ ಬರುತ್ತದೆ. ನಮ್ಮ ಎರಡು ಸಾವಿರ ಗೆರೆಗಳಿಗೆ 2 ಮಿಲಿವ್ಯಾಟ್. 20 ಮಿಲಿಕೆಲ್ವಿನ್‌ನಲ್ಲಿ ಅದನ್ನು ತಾಳುವ ಯಂತ್ರವೇ ಇಲ್ಲ. ಆದರೆ 1 ಕೆಲ್ವಿನ್‌ನಲ್ಲಿ ಶಾಖ ಹೊರಹಾಕುವ ಸಾಮರ್ಥ್ಯ ಸಾವಿರಾರು ಪಟ್ಟು ಹೆಚ್ಚು, ಅಲ್ಲಿ ಈ 2 ಮಿಲಿವ್ಯಾಟ್ ಸಲೀಸಾಗಿ ಹಿಡಿಸುತ್ತದೆ. ಹೀಗಾಗಿ 2020ರಲ್ಲಿ ಆಸ್ಟ್ರೇಲಿಯಾದ ತಂಡ 1.5 ಕೆಲ್ವಿನ್‌ನಲ್ಲೂ ಡೆಲ್ಫ್ಟ್ ತಂಡ 1.1 ಕೆಲ್ವಿನ್‌ನಲ್ಲೂ ಸಿಲಿಕಾನ್ ಕ್ಯೂಬಿಟ್‌ಗಳನ್ನು ನಡೆಸಿ ತೋರಿಸಿದಾಗ ಚಿಪ್ ವಿನ್ಯಾಸದವರಿಗೆ ದೊಡ್ಡ ಬಾಗಿಲೊಂದು ತೆರೆಯಿತು. ಆ ಉಷ್ಣತೆಯಲ್ಲಿ ಸ್ಪಿನ್‌ನ ಎರಡು ಸ್ಥಿತಿಗಳ ಶಕ್ತಿಯ ಅಂತರ ಶಾಖದ ಅಲುಗಾಟದಷ್ಟೇ ಇರುವುದರಿಂದ, ಹಳೆಯ ಓದುವ ವಿಧಾನ ನಡೆಯುವುದಿಲ್ಲ. ಒಂದೇ ಸ್ಪಿನ್‌ನ ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು ಎನ್ನುವುದು ಪೌಲಿ ನಿಯಮ; ನೆರೆಯ ಎಲೆಕ್ಟ್ರಾನಿನೊಂದಿಗೆ ಒಂದೇ ಡಾಟ್‌ನಲ್ಲಿ ಕೂರಲು ಅದು ಒಪ್ಪುತ್ತದೆಯೋ ಇಲ್ಲವೋ ಎಂದು ನೋಡಿ ಸ್ಪಿನ್ ಓದುತ್ತಾರೆ. ನಿಯಂತ್ರಣ ಮಂಡಲಗಳೂ ತಣ್ಣನೆಯ ಕಡೆಗೆ ಸರಿಯುತ್ತಿವೆ: ಇಂಟೆಲ್ 2019ರಲ್ಲಿ ಪ್ರಕಟಿಸಿದ 'ಹಾರ್ಸ್ ರಿಡ್ಜ್' ಚಿಪ್ ಸುಮಾರು 4 ಕೆಲ್ವಿನ್‌ನಲ್ಲಿ ಕೆಲಸ ಮಾಡಿತು, 2025ರಲ್ಲಿ ಸಿಡ್ನಿಯ ಸಂಶೋಧಕರು ಸಿಮಾಸ್ (ಇಂದಿನ ಸಾಮಾನ್ಯ ಚಿಪ್‌ಗಳ ತಂತ್ರಜ್ಞಾನ) ನಿಯಂತ್ರಣ ಚಿಪ್ಪನ್ನು ಮಿಲಿಕೆಲ್ವಿನ್‌ನಲ್ಲಿ ಸಿಲಿಕಾನ್ ಕ್ಯೂಬಿಟ್‌ಗಳ ಪಕ್ಕದಲ್ಲೇ ಇಟ್ಟು ಅವುಗಳನ್ನು ನಡೆಸಿದರು.

ಎಳೆಗಳ ಬಿಗಿಯ ಸಮಸ್ಯೆಗೆ ಮರಳೋಣ. ಎಲ್ಲ ಡಾಟ್‌ಗಳೂ ಒಂದೇ ಸಮನಾಗುವವರೆಗೆ ಕಾಯುವ ಬದಲು, ಪ್ರತಿಯೊಂದಕ್ಕೂ ಬೇಕಾದ ತಿದ್ದುಪಡಿಯ ವೋಲ್ಟೇಜನ್ನು ಫ್ಲೋಟಿಂಗ್ ಗೇಟಿನಲ್ಲಿ ತುಂಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ, ತಂಪಿನಲ್ಲಿ ಟ್ರಾನ್ಸಿಸ್ಟರ್‌ಗಳ ಸೋರಿಕೆ ಬಹಳ ಕಡಿಮೆ, ಹಾಗಾಗಿ ತುಂಬಿದ ವಿದ್ಯುದಂಶ ದೀರ್ಘಕಾಲ ನಿಲ್ಲುತ್ತದೆ. ಆದರೆ ಲೆಕ್ಕ ನೋಡಿ. ಧಾರಕತೆ 1 ಫೆಮ್ಟೋಫ್ಯಾರಡ್ ಇದ್ದರೆ ಒಂದೇ ಒಂದು ಎಲೆಕ್ಟ್ರಾನ್ ಸೇರಿದರೂ ವೋಲ್ಟೇಜ್ 160 ಮೈಕ್ರೋವೋಲ್ಟ್ ಜಿಗಿಯುತ್ತದೆ; ಅದಕ್ಕಿಂತ ನಯವಾಗಿ ಹೊಂದಿಸಲು ಸಾಧ್ಯವೇ ಇಲ್ಲ. 1 ಪಿಕೋಫ್ಯಾರಡ್ ಇದ್ದರೆ ಆ ಜಿಗಿತ 0.16 ಮೈಕ್ರೋವೋಲ್ಟಿಗೆ ಇಳಿಯುತ್ತದೆ, ಆದರೆ ಚದರ ಮೈಕ್ರೋಮೀಟರಿಗೆ 10 ಫೆಮ್ಟೋಫ್ಯಾರಡ್ ಸಿಗುವ ಧಾರಕಕ್ಕೆ 100 ಚದರ ಮೈಕ್ರೋಮೀಟರ್ ಜಾಗ ಬೇಕು. ನಮ್ಮ ಕ್ಯೂಬಿಟ್ ಕೂತಿರುವುದು 0.01 ಚದರ ಮೈಕ್ರೋಮೀಟರಿನಲ್ಲಿ. ಕ್ಯೂಬಿಟ್ಟಿಗಿಂತ ಅದರ ಕಾವಲುಗಾರನಿಗೆ ಹತ್ತು ಸಾವಿರ ಪಟ್ಟು ಹೆಚ್ಚು ಜಾಗ! ಒತ್ತೊತ್ತಾಗಿ ಇಟ್ಟ ಕ್ಯೂಬಿಟ್‌ಗಳ ಆಕರ್ಷಣೆ ಇಲ್ಲಿ ಸಾಕಷ್ಟು ಕರಗಿಹೋಗುತ್ತದೆ.

ಆದ್ದರಿಂದ ಈಚಿನ ವರ್ಷಗಳಲ್ಲಿ ಬಲ ಪಡೆಯುತ್ತಿರುವ ಇನ್ನೊಂದು ದಾರಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ: ಕ್ಯೂಬಿಟ್‌ಗಳನ್ನು ಸಣ್ಣ ಗುಂಪುಗಳಾಗಿ ಇಟ್ಟು, ಗುಂಪುಗಳ ನಡುವೆ ಕೆಲವು ಮೈಕ್ರೋಮೀಟರ್ ಖಾಲಿ ಬಿಟ್ಟು, ಆ ಜಾಗದಲ್ಲಿ ಧಾರಕ ಮತ್ತು ಟ್ರಾನ್ಸಿಸ್ಟರ್‌ಗಳನ್ನು ಹಾಕುವುದು. ಗುಂಪಿನಿಂದ ಗುಂಪಿಗೆ ಮಾಹಿತಿ ಹೋಗಬೇಕಾದಾಗ ಎಲೆಕ್ಟ್ರಾನನ್ನೇ, ಅದರ ಸ್ಪಿನ್ ಕೆಡದಂತೆ, ಗೇಟಿನಿಂದ ಗೇಟಿಗೆ ಸಾಗಿಸುವುದು. ಡೆಲ್ಫ್ಟ್‌ನ ಸಂಶೋಧಕರು ಸಿಲಿಕಾನ್‌ನಲ್ಲಿ 10 ಮೈಕ್ರೋಮೀಟರಿಗೆ ಸಮನಾದ ದೂರವನ್ನು 200 ನ್ಯಾನೋಸೆಕೆಂಡಿನೊಳಗೆ, ಶೇ 99ಕ್ಕಿಂತ ಹೆಚ್ಚು ನಿಖರತೆಯಿಂದ ಹೀಗೆ ದಾಟಿಸಿದ್ದಾರೆ. ಇದರಿಂದ ಚಿಪ್ ದೊಡ್ಡದಾಗುತ್ತದೆ, ನಿಜ. ಆದರೆ ಹತ್ತು ಮೈಕ್ರೋಮೀಟರಿಗೆ ಒಂದರಂತೆ ಹತ್ತು ಲಕ್ಷ ಇಟ್ಟರೂ ಒಂದು ಸೆಂಟಿಮೀಟರ್ ಉದ್ದಗಲದ ಚೌಕ ಸಾಕು, ಅದು ಇಂದಿನ ಸಾಮಾನ್ಯ ಪ್ರೊಸೆಸರಿನ ಅಳತೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ಚಿಪ್ ವಿನ್ಯಾಸವನ್ನು ಬಿಡಬೇಡಿ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್‌ಗಳ ಯಂತ್ರ ಅದರ ಗುರಿ, ಮತ್ತು ಕ್ವಾಂಟಮ್ ಕಂಪ್ಯೂಟಿಂಗ್‌ನ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿ ಯಾವ ಬಗೆಯ ಕ್ಯೂಬಿಟ್ ಗೆದ್ದರೂ ತಂಪಿನಲ್ಲಿ ಕೆಲಸ ಮಾಡುವ ಅನಲಾಗ್ ಮಂಡಲ, ಮೆಮೊರಿಯ ಸಾಲು-ಕಂಬಸಾಲುಗಳ ವಿನ್ಯಾಸ, ಕಡಿಮೆ ಶಕ್ತಿಯ ಪರಿವರ್ತಕ ಬಲ್ಲವರು ಬೇಕೇ ಬೇಕು. ಭೌತವಿಜ್ಞಾನದಲ್ಲಿ ಸ್ಪಿನ್, ಎರಡು ಮಟ್ಟದ ವ್ಯವಸ್ಥೆ ಮತ್ತು ದೋಷ ತಿದ್ದುಪಡಿಯ ಮೊದಲ ಪಾಠಗಳನ್ನು ಒಂದು ಸೆಮಿಸ್ಟರ್ ಕೂತು ಕಲಿಯಿರಿ, ಉಳಿದದ್ದು ಕೆಲಸದೊಂದಿಗೆ ಬರುತ್ತದೆ.

ಈಗಲೇ ಆರಂಭಿಸಬೇಕೆಂದಿದ್ದರೆ, ಮಂಡಲಗಳನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸುವ ಸ್ಪೈಸ್ ತಂತ್ರಾಂಶದಲ್ಲಿ ಎಂಟು ಸಾಲು, ಎಂಟು ಕಂಬಸಾಲುಗಳ ಜಾಲವೊಂದನ್ನು ಕಟ್ಟಿ. ಪ್ರತಿ ಕೂಡುಜಾಗದಲ್ಲಿ ಒಂದು ಟ್ರಾನ್ಸಿಸ್ಟರ್, ಒಂದು ಧಾರಕ. 64 ಧಾರಕಗಳಿಗೂ ಬೇರೆ ಬೇರೆ ವೋಲ್ಟೇಜ್ ತುಂಬಿ. ಪಕ್ಕದ ಗೆರೆ ಅಲುಗಿದಾಗ ತುಂಬಿಟ್ಟ ವೋಲ್ಟೇಜ್ ಎಷ್ಟು ಮೈಕ್ರೋವೋಲ್ಟ್ ಜರುಗುತ್ತದೆಂದು ಅಳೆಯಿರಿ. ಆಮೇಲೆ ಸೋರಿಕೆಯ ಪ್ರವಾಹವನ್ನು ಬದಲಿಸುತ್ತ, ಸೆಕೆಂಡಿಗೆ ಎಷ್ಟು ಬಾರಿ ಮರುತುಂಬಬೇಕು, ಅದಕ್ಕೆ ಎಷ್ಟು ಮೈಕ್ರೋವ್ಯಾಟ್ ಖರ್ಚಾಗುತ್ತದೆ ಎಂದು ಪಟ್ಟಿ ಮಾಡಿ. ಧಾರಕತೆಯನ್ನು 1 ಫೆಮ್ಟೋಫ್ಯಾರಡ್‌ನಿಂದ 1 ಪಿಕೋಫ್ಯಾರಡ್‌ವರೆಗೆ ಹಂತ ಹಂತವಾಗಿ ಏರಿಸಿ ನೋಡಿ, ಯಾವ ಬೆಲೆಯಲ್ಲಿ ಜಾಗ, ಶಾಖ ಮತ್ತು ನಿಖರತೆ ಮೂರೂ ಒಪ್ಪುವಂತಿವೆಯೆಂದು ನನಗೆ ಬರೆದು ಕಳಿಸಿ.